ಸಹಾಯ ಬೇಕು: ಎಪಾಕ್ಸಿ ವಿಸ್ಕಾಸಿಟಿ ಲೆಕ್ಕ 50 ಡಿಗ್ರಿಯಲ್ಲಿ ಕೂಡುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಮೆಕ್ಯಾನಿಕಲ್ ಕೊನೆ ವರ್ಷ ಓದುತ್ತಿದ್ದೇನೆ. ಗ್ಲಾಸ್ ಫೈಬರ್ ಬಟ್ಟೆಯೊಳಗೆ ವ್ಯಾಕ್ಯೂಮ್‌ನಲ್ಲಿ ಎಪಾಕ್ಸಿ (ಹಾರ್ಡನರ್ ಬೆರೆಸಿದರೆ ಗಟ್ಟಿಯಾಗುವ ದ್ರವ ರೆಸಿನ್) ತುಂಬಿಸುವುದು ನಮ್ಮ ಪ್ರಾಜೆಕ್ಟ್. ರೆಸಿನ್ ಗಟ್ಟಿಯಾಗುವ ಮೊದಲೇ ಅಚ್ಚು ತುಂಬಬೇಕು, ಅಲ್ವಾ? ಅದಕ್ಕೇ ಎಷ್ಟು ನಿಮಿಷಕ್ಕೆ ಎಷ್ಟು ಮಂದವಾಗುತ್ತದೆ, ಅಂದರೆ ವಿಸ್ಕಾಸಿಟಿ ಎಷ್ಟು ಏರುತ್ತದೆ ಎಂಬ ಲೆಕ್ಕ ಬೇಕು.

ಕ್ಯೂರ್ (ಗಟ್ಟಿಯಾಗಿಸುವ ರಾಸಾಯನಿಕ ಕ್ರಿಯೆ) ಎಷ್ಟಾಗಿದೆ ಎನ್ನುವುದಕ್ಕೆ ಕಮಲ್-ಸೌರೂರ್ ಸಮೀಕರಣ, ವಿಸ್ಕಾಸಿಟಿಗೆ ಕ್ಯಾಸ್ಟ್ರೋ-ಮಕೋಸ್ಕೋ ಮಾದರಿ ಹಾಕಿದ್ದೇನೆ. ಬಿಸಿ ಏರಿದರೆ ರೆಸಿನ್ ಮೊದಲು ತೆಳುವಾಗುತ್ತದೆ. ಆಮೇಲೆ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಮಂದವಾಗುತ್ತದೆ. ಈ ಎರಡನ್ನೂ ಒಂದೇ ಸಮೀಕರಣದಲ್ಲಿ ಹಿಡಿಯುವುದು ನನಗೆ ತುಂಬಾ ಹಿಡಿಸಿತು. 30, 40 ಡಿಗ್ರಿಯಲ್ಲಿ ರೀಡಿಂಗ್ ಚೆನ್ನಾಗಿ ಹೊಂದುತ್ತದೆ. 50ರಲ್ಲಿ ಮಾತ್ರ ಲೆಕ್ಕಕ್ಕಿಂತ ಬಹಳ ಬೇಗ ಜೆಲ್ ಆಗುತ್ತಿದೆ, ಅಂದರೆ ಹರಿಯುವುದು ನಿಲ್ಲುತ್ತಿದೆ. ವಿಸ್ಕಾಸಿಟಿ ಅಳೆಯುವ ಯಂತ್ರದ ಸ್ಪಿಂಡಲ್ ಎತ್ತಿದರೆ ಜೇನಿನಂತೆ ಇಳಿಯುತ್ತಿದ್ದ ರೆಸಿನ್ ಸ್ವಲ್ಪ ಹೊತ್ತಿಗೇ ಹಲಸಿನ ಮೇಣದ ಹಾಗೆ ದಾರ ಎಳೆಯುತ್ತದೆ. ಬೀಕರ್ ಮುಟ್ಟಿದರೆ ಕೈ ಸುಡುತ್ತದೆ.

ಕ್ಯೂರ್ ಆಗುವಾಗ ಬಿಡುಗಡೆಯಾಗುವ ಬಿಸಿಯೇ ಕಾರಣ ಅಂತ ನನ್ನ ಅನುಮಾನ. ಬಿಸಿ ನೀರಲ್ಲಿಟ್ಟ ಬೀಕರ್‌ನಲ್ಲಿ 100 ಗ್ರಾಂ ರೆಸಿನ್ ಇದೆ. ಹೊರಗಿನ ನೀರು 50 ಇದ್ದರೂ ಒಳಗೆ ಜಾಸ್ತಿ ಇರಲೇಬೇಕು. ಹಾಗಾದರೆ ಸ್ಯಾಂಪಲ್ ಕಡಿಮೆ ಮಾಡಲೇ, ಇಲ್ಲ ಶಾಖದ ಸಮೀಕರಣವನ್ನೂ ಜೊತೆಗೆ ಬಿಡಿಸಲೇ?

ಇನ್ನೊಂದು ಪ್ರಶ್ನೆ. ನನ್ನ ಹಾರ್ಡನರ್‌ನಲ್ಲಿ ಅಣುವಿಗೆ ನಾಲ್ಕು ಸಕ್ರಿಯ ಹೈಡ್ರೋಜನ್. ಫ್ಲೋರಿ-ಸ್ಟಾಕ್‌ಮೇಯರ್ ಸಿದ್ಧಾಂತದ ಪ್ರಕಾರ ಜೆಲ್ ಬಿಂದು (ಎಷ್ಟು ಕ್ಯೂರ್ ಆದಾಗ ಜೆಲ್ ಆಗುತ್ತದೆ ಎಂಬುದು) ಸುಮಾರು 0.58 ಬರುತ್ತದೆ. ಅದನ್ನೇ ಸ್ಥಿರವಾಗಿ ಇಡಬೇಕೋ, ರೀಡಿಂಗ್‌ಗೆ ಫಿಟ್ ಮಾಡುವಾಗ ಬದಲಾಗಲು ಬಿಡಬೇಕೋ?

ಹಾಸನ, ಚಿಕ್ಕಮಗಳೂರು ಕಡೆ ಯಾರ ಬಳಿಯಾದರೂ ಡಿಎಸ್‌ಸಿ (ಕ್ಯೂರ್‌ನ ಬಿಸಿ ಅಳೆಯುವ ಯಂತ್ರ) ಅಥವಾ ಪ್ಯಾರಲಲ್ ಪ್ಲೇಟ್ ರಿಯೋಮೀಟರ್ (ಎರಡು ತಟ್ಟೆಗಳ ನಡುವೆ ವಿಸ್ಕಾಸಿಟಿ ಅಳೆಯುವ ಯಂತ್ರ) ಇದ್ದರೆ ದಯವಿಟ್ಟು ತಿಳಿಸಿ. ರೆಸಿನ್ ನಾನೇ ತರುತ್ತೇನೆ. ರೀಡಿಂಗ್ ಎಲ್ಲಾ ಎಕ್ಸೆಲ್‌ನಲ್ಲಿದೆ, ಕೇಳಿದವರಿಗೆ ಕಳಿಸುತ್ತೇನೆ.