ಪದಚರ್ಚೆ: ‘ಸೈಲೆಂಟ್ ಫ್ಯಾನ್’ ಅನ್ನುವುದಕ್ಕೆ ‘ನಿಶ್ಶಬ್ದ ಫ್ಯಾನ್’ ಸರಿಹೊಂದುತ್ತದೆಯೇ?

ಪ್ರಶ್ನೆ (ಹಾಸನದಿಂದ)

ಎಲ್ಲರಿಗೂ ನಮಸ್ಕಾರ. ಡೆಸ್ಕ್‌ಟಾಪ್ ಜೋಡಿಸುವ ಕೆಲಸ ಕಲಿಯುವವರಿಗೆ ಕನ್ನಡದಲ್ಲಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ವಿಡಿಯೋ ಎಡಿಟಿಂಗ್, ತ್ರೀಡಿ ರೆಂಡರಿಂಗ್, ದೊಡ್ಡ ಗೇಮುಗಳು ಇಂಥವಕ್ಕೆ ಬಳಸುವ, ಪೂರ್ತಿ ಲೋಡ್ ಬಿದ್ದಾಗ 450–500 ವ್ಯಾಟ್ ಎಳೆಯುವ ಮೆಷಿನ್‌ಗಳ ಬಗ್ಗೆ. ಸದ್ದು ಕಡಿಮೆ ಇರುವ ಫ್ಯಾನ್ ಆರಿಸುವ ಅಧ್ಯಾಯದಲ್ಲಿ ಕೆಲವು ಪದಗಳು ಕಾಡುತ್ತಿವೆ.

‘ಸೈಲೆಂಟ್ ಫ್ಯಾನ್’ ಅನ್ನುವುದನ್ನು ‘ನಿಶ್ಶಬ್ದ ಫ್ಯಾನ್’ ಎಂದು ಬರೆದಿದ್ದೇವೆ. ‘ಸ್ಟ್ಯಾಟಿಕ್ ಪ್ರೆಶರ್’ ಈಗ ‘ಸ್ಥಿರ ಒತ್ತಡ’ ಆಗಿದೆ, ಆದರೆ ಓದಿದ ಹುಡುಗರು ಅದನ್ನು ‘ಏರಿಳಿತ ಇಲ್ಲದ ಒತ್ತಡ’ ಎಂದು ತಿಳಿದುಕೊಳ್ಳುತ್ತಿದ್ದಾರೆ. ‘ಕೇಸ್ ಫ್ಯಾನ್’ ಅಂತಲೇ ಬಿಡಬಹುದೇ? ಎಲ್ಲಕ್ಕಿಂತ ಮುಖ್ಯವಾಗಿ, ಫ್ಯಾನ್ ಮಾಡುವ ಬೇರೆ ಬೇರೆ ಸದ್ದುಗಳಿಗೆಲ್ಲ ನಮ್ಮಲ್ಲಿ ‘ಶಬ್ದ’ ಎಂಬ ಒಂದೇ ಪದ ಬಂದಿದೆ. ‘ಶಬ್ದ ಬಂದರೆ ಫ್ಯಾನ್ ಬದಲಿಸಿ’ ಎಂಬ ಸಾಲು ಕರಡಿನಲ್ಲಿ ಐದಾರು ಕಡೆ ಇದೆ. ಅದು ಸರಿಯಲ್ಲ ಎಂದು ಅನ್ನಿಸುತ್ತಿದೆ. ತಿಳಿದವರು ಹೇಳಬೇಕು.

ಉತ್ತರ (ಚಿಕ್ಕಮಗಳೂರಿನಿಂದ, ಹಾರ್ಡ್‌ವೇರ್ ಕೆಲಸದವರು)

ಸಾರ್, ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಇಡೀ ಅಧ್ಯಾಯ ನಿಂತಿರುವುದು ಅದರ ಮೇಲೆ. ಕನ್ನಡದಲ್ಲಿ ಸದ್ದಿಗೆ ಪದಗಳ ಬರವೇ ಇಲ್ಲ. ಸುಯ್ ಅನ್ನುತ್ತೆ, ಗುಂಯ್ ಅನ್ನುತ್ತೆ, ಕಿರ್ರ್ ಅನ್ನುತ್ತೆ, ಟಿಕ್‌ಟಿಕ್ ಅನ್ನುತ್ತೆ, ಗಡಗಡ ಅದುರುತ್ತೆ. ರಿಪೇರಿಗೆ ತಂದವರು ಹೇಳುವುದೂ ಹೀಗೆಯೇ. ಈ ಒಂದೊಂದು ಸದ್ದಿಗೂ ಕಾರಣ ಬೇರೆ, ಪರಿಹಾರ ಬೇರೆ. ಇವನ್ನೆಲ್ಲ ‘ಶಬ್ದ’ ಎಂಬ ಒಂದು ಪದದೊಳಗೆ ತುಂಬಿದರೆ ಓದುವವನಿಗೆ ರೋಗಲಕ್ಷಣವೇ ಕಾಣದಂತಾಗುತ್ತೆ.

‘ಸುಯ್’ ಅನ್ನುವುದು ಗಾಳಿಯದೇ ಸದ್ದು. ವೇಗ ಹೆಚ್ಚಾದಂತೆ ಹೆಚ್ಚುತ್ತೆ, ಇಳಿಸಿದರೆ ಇಳಿಯುತ್ತೆ. ಇದಕ್ಕೆ ಮದ್ದು ವೇಗ ಇಳಿಸುವುದೊಂದೇ. ಫ್ಯಾನಿನ ಸುತ್ತು ಅರ್ಧಕ್ಕೆ ಇಳಿದರೆ ಗಾಳಿ ಅರ್ಧವಾಗುತ್ತೆ, ಸದ್ದು ಸುಮಾರು 15 ಡೆಸಿಬಲ್ ಕಡಿಮೆಯಾಗುತ್ತೆ. ಶೇ. 20ರಷ್ಟು ಮಾತ್ರ ಇಳಿಸಿದರೂ ಸುಮಾರು 5 ಡೆಸಿಬಲ್ ಉಳಿತಾಯ. 10 ಡೆಸಿಬಲ್ ಇಳಿದರೆ ಕಿವಿಗೆ ಹೆಚ್ಚುಕಡಿಮೆ ಅರ್ಧ ಸದ್ದಾದಂತೆ ಕೇಳುತ್ತೆ. 120 ಮಿ.ಮೀ. ಬದಲು 140 ಮಿ.ಮೀ. ಫ್ಯಾನ್ ಹಾಕಿ ಎಂದು ಹೇಳುವುದು ಇದೇ ಕಾರಣಕ್ಕೆ. ಒಂದೇ ವಿನ್ಯಾಸದ ರೆಕ್ಕೆಗಳಾದರೆ, 120ರದ್ದು ನಿಮಿಷಕ್ಕೆ 1,000 ಸುತ್ತಿನಲ್ಲಿ ತಳ್ಳುವಷ್ಟು ಗಾಳಿಯನ್ನು 140ರದ್ದು ಲೆಕ್ಕದ ಪ್ರಕಾರ 630 ಸುತ್ತಿನಲ್ಲೇ ತಳ್ಳುತ್ತೆ. ಜಾಲರಿ, ಫಿಲ್ಟರ್ ಇದ್ದಾಗ ಸ್ವಲ್ಪ ಹೆಚ್ಚು ಬೇಕಾಗಬಹುದು. ಕೊಳ್ಳುವ ಮುಂಚೆ ಕ್ಯಾಬಿನೆಟ್ಟಿನ ತೂತುಗಳ ಅಂತರ ಅಳೆಯಲು ಹೇಳಿ: 120ಕ್ಕೆ 105 ಮಿ.ಮೀ., 140ಕ್ಕೆ 124.5 ಮಿ.ಮೀ.

‘ಗುಂಯ್’ ಬೇರೆ. ಇದು ಒಂದೇ ಶ್ರುತಿಯಲ್ಲಿ ಎಳೆದಂತೆ ಕೇಳುವ ಸದ್ದು. 9 ರೆಕ್ಕೆಯ ಫ್ಯಾನ್ ನಿಮಿಷಕ್ಕೆ 1,000 ಸುತ್ತು ತಿರುಗಿದರೆ ಸೆಕೆಂಡಿಗೆ 150 ಸಲ ಒಂದೊಂದು ರೆಕ್ಕೆ ಅದೇ ಜಾಗ ದಾಟುತ್ತೆ. ಅಲ್ಲಿ ತಗಡು ಒತ್ತಿ ಕತ್ತರಿಸಿದ ದಪ್ಪ ಜಾಲರಿ ಇದ್ದರೆ 150 ಹರ್ಟ್ಸ್‌ನ ಗುಂಯ್ ಎದ್ದು ಕೇಳುತ್ತೆ. ಗಾಳಿ ಎಳೆದುಕೊಳ್ಳುವ ಬದಿಯಲ್ಲಿ ಜಾಲರಿ ಇದ್ದರೆ ಕಾಟ ಹೆಚ್ಚು, ಏಕೆಂದರೆ ಕದಡಿದ ಗಾಳಿ ನೇರ ರೆಕ್ಕೆಗೆ ಬಡಿಯುತ್ತೆ. ಫ್ಯಾನಿಗೂ ಜಾಲರಿಗೂ ನಡುವೆ 5–10 ಮಿ.ಮೀ. ಚೌಕಟ್ಟು ಕೊಟ್ಟರೆ ಎಷ್ಟೋ ಇಳಿಯುತ್ತೆ. ಇನ್ನು ಕೆಲವು ಫ್ಯಾನ್‌ಗಳು ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಗುಂಯ್ ಅನ್ನುತ್ತವೆ, ಅದರ ಮೇಲೂ ಇಲ್ಲ, ಕೆಳಗೂ ಇಲ್ಲ. ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) 50 ಸುತ್ತಿನಂತೆ ಏರಿಸುತ್ತಾ ಹೋಗಿ ಆ ವೇಗ ಗುರುತು ಮಾಡಿಕೊಂಡು, ಅಲ್ಲಿ ನಿಲ್ಲದಂತೆ ಕರ್ವ್ (ಬಿಸಿಗೆ ತಕ್ಕಂತೆ ವೇಗ ಹೇಳುವ ಗೆರೆ) ಹಾಕಿದರೆ ಮುಗಿಯಿತು. ಫ್ಯಾನ್ ಎಸೆಯಬೇಕಾಗಿಲ್ಲ.

ಇದರದೇ ಇನ್ನೊಂದು ರೂಪ ‘ಗುಂಯ್… ಗುಂಯ್…’ ಎಂದು ಅಲೆಯಂತೆ ಏರಿ ಇಳಿಯುವುದು. ಒಂದೇ ಮಾದರಿಯ ಎರಡು ಫ್ಯಾನ್, ಒಂದು 990, ಇನ್ನೊಂದು 1,010 ಸುತ್ತಿನಲ್ಲಿದ್ದರೆ ಶ್ರುತಿಗಳು 148.5 ಮತ್ತು 151.5 ಹರ್ಟ್ಸ್ ಆಗಿ ಸೆಕೆಂಡಿಗೆ ಮೂರು ಸಲ ಅಲೆ ಏಳುತ್ತೆ. ಒಂದನ್ನು 80–100 ಸುತ್ತು ಕೆಳಗಿಟ್ಟರೆ ಅಲೆ ಹೋಗುತ್ತೆ. ಇದಕ್ಕೆ ಕೈಪಿಡಿಯಲ್ಲಿ ‘ಅಲೆಗುಂಯ್’ ಎಂದು ಬರೆದರೆ ಹುಡುಗರಿಗೆ ಥಟ್ಟನೆ ಗೊತ್ತಾಗುತ್ತೆ.

‘ಕಿರ್ರ್’ ಅಂದರೆ ಬೇರಿಂಗ್ ಒಣಗಿದೆ. ಆನ್ ಮಾಡಿದಾಗ ಜೋರಾಗಿದ್ದು ಬಿಸಿಯಾದ ಮೇಲೆ ಕಡಿಮೆಯಾದರೆ ಅನುಮಾನವೇ ಬೇಡ. ಫ್ಯಾನ್ ಬದಲಿಸಿ ಎಂಬ ಸಾಲು ಬರಬೇಕಾದ ಜಾಗ ಇದೊಂದೇ.

‘ಟಿಕ್‌ಟಿಕ್’ ಬಂದರೆ ಮೊದಲು ವೈರ್ ರೆಕ್ಕೆಗೆ ತಾಗುತ್ತಿದೆಯೇ ನೋಡಬೇಕು. ಹತ್ತಕ್ಕೆ ಎಂಟು ಸಲ ಅದೇ. ತಾಗದಿದ್ದರೆ, ತೀರಾ ಕಡಿಮೆ ವೇಗದಲ್ಲಿ ಮೋಟರ್ ಸುರುಳಿಗಳ ಎಳೆತ ಕೇಳಿಸುತ್ತಿರುತ್ತೆ, ಸ್ವಲ್ಪ ವೇಗ ಏರಿಸಿ. ‘ಗಡಗಡ’ ಅದುರಿದರೆ ತಪ್ಪು ಫ್ಯಾನಿನದಲ್ಲ, ಪಕ್ಕದ ಬಾಗಿಲು ಅಥವಾ ಹಾರ್ಡ್ ಡಿಸ್ಕ್ ಟ್ರೇ ಸಡಿಲ ಇರುತ್ತೆ. ಅಂಗೈಯಿಂದ ಬಾಗಿಲು ಒತ್ತಿ ಹಿಡಿದಾಗ ಸದ್ದು ನಿಂತರೆ ರಬ್ಬರ್ ಪಿನ್ ಹಾಕಿ ಫ್ಯಾನ್ ಕೂರಿಸಿ. ಸ್ಕ್ರೂ ಬಿಗಿಯುವುದಾದರೆ ನಾಲ್ಕನ್ನೂ ಅಡ್ಡಮೂಲೆಯ ಕ್ರಮದಲ್ಲಿ ಬಿಗಿಯಬೇಕು. ಒಂದೇ ಮೂಲೆ ಬಿಗಿದರೆ ಚೌಕಟ್ಟು ಸೊಟ್ಟಗಾಗಿ ರೆಕ್ಕೆಯ ತುದಿ ಉಜ್ಜುತ್ತೆ. ಕೆಲವು ಒಳ್ಳೆಯ ಫ್ಯಾನ್‌ಗಳಲ್ಲಿ ಆ ಸಂದು ಅರ್ಧ ಮಿಲಿಮೀಟರಷ್ಟೇ ಇರುತ್ತೆ.

ಕೊನೆಗೆ ಫ್ಯಾನಿಗೆ ಸಂಬಂಧವೇ ಇಲ್ಲದ ಸದ್ದೊಂದಿದೆ. ಮಲೆನಾಡಿನವರಿಗೆ ‘ಜೀರುಂಡೆ ಸದ್ದು’ ಅಂದರೆ ಸಾಕು. ಗ್ರಾಫಿಕ್ಸ್ ಕಾರ್ಡಿನ ಸುರುಳಿಗಳು ಲೋಡ್ ಬಿದ್ದಾಗ ಹಾಗೆ ಜೀರಿಡುತ್ತವೆ. ಇದನ್ನು ಫ್ಯಾನಿನದು ಎಂದುಕೊಂಡು ಮೂರು ಫ್ಯಾನ್ ಬದಲಿಸುವವರು ಬೇಕಾದಷ್ಟು ಜನ. ಗೇಮ್ ಮೆನುವಿನಲ್ಲಿ ಫ್ರೇಮ್ ಸಂಖ್ಯೆಗೆ ಮಿತಿ ಹಾಕಿ ನೋಡಿ. ಜೀರುವುದು ತಕ್ಷಣ ಕಡಿಮೆಯಾದರೆ ಅದು ಫ್ಯಾನ್ ಅಲ್ಲ.

ಹಾಗಾಗಿ ‘ನಿಶ್ಶಬ್ದ ಫ್ಯಾನ್’ ಬೇಡ. ತಿರುಗುವ ಯಾವ ಫ್ಯಾನೂ ನಿಶ್ಶಬ್ದ ಅಲ್ಲ. ‘ಕಡಿಮೆ ಸದ್ದಿನ ಫ್ಯಾನ್’ ಅನ್ನಿ, ಜೊತೆಗೆ ಯಾವ ವೇಗದಲ್ಲಿ ಎಂದು ಬರೆಯಿರಿ. ಡಬ್ಬಿಯ ಮೇಲಿನ ಅಂಕಿಗಳನ್ನು ಒಂದಕ್ಕೊಂದು ಹೋಲಿಸುವಾಗಲೂ ಎಚ್ಚರ ಬೇಕು. ನಾಕ್ಟುವಾ ಎನ್‌ಎಫ್-ಎ12x25 ಮೇಲೆ 2,000 ಸುತ್ತಿಗೆ 22.6 ಡೆಸಿಬಲ್ ಎಂದಿರುತ್ತೆ. ಆರ್ಕ್ಟಿಕ್ ಪಿ12 ಮೇಲೆ 1,800 ಸುತ್ತಿಗೆ 0.3 ಸೋನ್ (ಕಿವಿಗೆ ಎಷ್ಟು ಜೋರು ಕೇಳುತ್ತೆ ಎಂಬುದರ ಮಾನ). ಅಳತೆಯ ಮಾನವೇ ಬೇರೆ, ಪಕ್ಕಪಕ್ಕ ಇಟ್ಟು ತೂಗಲು ಆಗುವುದಿಲ್ಲ.

‘ಸ್ಥಿರ ಒತ್ತಡ’ವೂ ಬೇಡ. ಹುಡುಗರು ತಪ್ಪು ತಿಳಿದುಕೊಳ್ಳುವುದು ಸಹಜ. ಆ ಪದದ ಹಿಂದಿರುವ ವಿಷಯ ಇಷ್ಟು: ಎದುರಿಗೆ ಫಿಲ್ಟರ್, ನೀರಿನ ಕೂಲರ್‌ನ ರೇಡಿಯೇಟರ್, ಒತ್ತಾದ ಜಾಲರಿ ಇದ್ದಾಗ ಅದರ ತಡೆಯನ್ನು ಮೀರಿ ಗಾಳಿಯನ್ನು ನೂಕುವ ಶಕ್ತಿ ಫ್ಯಾನಿಗೆ ಎಷ್ಟಿದೆ ಎಂಬುದು. ‘ನೂಕೊತ್ತಡ’ ಎಂದರೆ ಹೇಗೆ? ಡಬ್ಬಿಯ ಮೇಲಿನ ಗಾಳಿ ಹರಿವು ಯಾವ ತಡೆಯೂ ಇಲ್ಲದಾಗ ಅಳೆದದ್ದು. ಒತ್ತಡ ಪೂರ್ತಿ ಮುಚ್ಚಿದಾಗ ಅಳೆದದ್ದು. ಕ್ಯಾಬಿನೆಟ್ಟಿನ ಒಳಗೆ ಎರಡೂ ಸ್ಥಿತಿ ಇರುವುದಿಲ್ಲ, ಫ್ಯಾನ್ ನಡುವೆ ಎಲ್ಲೋ ಓಡುತ್ತೆ. ಗಂಟೆಗೆ 100 ಘನ ಮೀಟರ್ ಎಂದು ಬರೆದದ್ದು ಫಿಲ್ಟರ್ ಹಿಂದೆ ಅರ್ಧಕ್ಕೂ ಇಳಿಯಬಹುದು. ಆದ್ದರಿಂದ ಕ್ಯಾಬಿನೆಟ್ಟಿನ ಮುಂಭಾಗದ ಫ್ಯಾನ್‌ಗಳಿಗೆ ನೂಕೊತ್ತಡ ಚೆನ್ನಾಗಿರುವುದು ಬೇಕು, ನೀರಿನ ಎತ್ತರದ ಅಳತೆಯಲ್ಲಿ (ಡಬ್ಬಿಯ ಮೇಲೆ mmH₂O) 2 ಮಿಲಿಮೀಟರ್‌ಗಿಂತ ಮೇಲಿದ್ದರೆ ಒಳ್ಳೆಯದು. ಹಿಂದೆ, ತೆರೆದ ಜಾಲರಿಗೆ ಹೊರಹಾಕುವ ಫ್ಯಾನಿಗೆ ಅಷ್ಟು ಬೇಡ.

ಎಷ್ಟು ಗಾಳಿ ಬೇಕು ಎಂಬ ಲೆಕ್ಕವನ್ನೂ ಸೇರಿಸಿ. ನಮ್ಮ ಚಿಕ್ಕಮಗಳೂರು, ನಿಮ್ಮ ಹಾಸನ ಎರಡೂ ಸಮುದ್ರಮಟ್ಟದಿಂದ 1,000 ಮೀಟರ್ ಆಸುಪಾಸಿನಲ್ಲಿವೆ. ಇಲ್ಲಿ ಗಾಳಿಯ ಸಾಂದ್ರತೆ ಮಂಗಳೂರಿಗಿಂತ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ಕಡಿಮೆ. ಅಷ್ಟೇ ಫ್ಯಾನ್ ಅಷ್ಟೇ ವೇಗದಲ್ಲಿ ತಿರುಗಿದರೂ ಹೊತ್ತೊಯ್ಯುವ ಶಾಖ ಅಷ್ಟು ಕಡಿಮೆ. 500 ವ್ಯಾಟ್‌ನ ಮೆಷಿನ್‌ನಲ್ಲಿ ಗಂಟೆಗೆ 100 ಘನ ಮೀಟರ್ ಗಾಳಿ ನಿಜವಾಗಿ ಹಾದುಹೋದರೆ ಹೊರಬರುವ ಗಾಳಿ ಕೋಣೆಗಿಂತ ಸುಮಾರು 17 ಡಿಗ್ರಿ ಬಿಸಿಯಾಗಿರುತ್ತೆ. 150 ಹಾದರೆ 11 ಡಿಗ್ರಿ. ಅಲ್ಲಿಂದ ಮುಂದೆ ಫ್ಯಾನ್ ಹೆಚ್ಚಿಸಿದಷ್ಟೂ ಲಾಭ ಕಡಿಮೆ, ಸದ್ದು ಮಾತ್ರ ಸೇರುತ್ತಾ ಹೋಗುತ್ತೆ. ಮುಂದೆ ಎರಡು 140, ಹಿಂದೆ ಒಂದು 120 ಅಥವಾ 140, ಲೋಡ್‌ನಲ್ಲಿ 700–900 ಸುತ್ತು. ಇಷ್ಟರಿಂದ ಶುರು ಮಾಡಿ ಬಿಸಿ ನೋಡಿಕೊಂಡು ಏರಿಸಲಿ. ನಮ್ಮ ಕಡೆ ಸೆಕೆ ಕಡಿಮೆಯಾದ್ದರಿಂದ ಗಾಳಿ ತೆಳುವಾದ ನಷ್ಟ ಬಹುತೇಕ ಸರಿದೂಗುತ್ತೆ.

‘ಕೇಸ್ ಫ್ಯಾನ್’ ಬಗ್ಗೆ: ಅಂಗಡಿಯಲ್ಲಿ ಯಾರೂ ಹಾಗೆ ಕೇಳುವುದಿಲ್ಲ, ‘ಕ್ಯಾಬಿನೆಟ್ ಫ್ಯಾನ್’ ಅನ್ನುತ್ತಾರೆ. ಅದನ್ನೇ ಇಡಿ. ಆದರೆ ‘ಸಿಪಿಯು ಫ್ಯಾನ್’ ಬರೆಯುವಾಗ ಹುಷಾರು. ನಮ್ಮಲ್ಲಿ ಇಡೀ ಡಬ್ಬಿಗೇ ಸಿಪಿಯು ಅನ್ನುವುದು ರೂಢಿ. ‘ಸಿಪಿಯುಗೆ ಫ್ಯಾನ್ ಕೊಡಿ’ ಎಂದು ಕೇಳಿ ಪ್ರೊಸೆಸರ್ ಕೂಲರ್ ತಂದುಕೊಂಡವರಿದ್ದಾರೆ. ‘ಪ್ರೊಸೆಸರ್ ಫ್ಯಾನ್’ ಎಂದು ಬರೆಯಿರಿ.

ಉತ್ತರ (ಹಾಸನದಿಂದ, ಕನ್ನಡ ಉಪನ್ಯಾಸಕಿ)

ಅನುಕರಣ ಪದಗಳನ್ನು ಪಾಠದ ಬರಹದಲ್ಲಿ ಬಳಸಲು ಹಿಂಜರಿಕೆ ಬೇಡ. ‘ಗುಂಯ್‌ಗುಡು’, ‘ಕಿರುಗುಟ್ಟು’, ‘ಸುಯ್ಯೆನ್ನು’ ಎಂದು ಕ್ರಿಯಾಪದ ಮಾಡಿಕೊಂಡರೆ ವಾಕ್ಯದಲ್ಲಿ ಸಲೀಸಾಗಿ ಕೂರುತ್ತವೆ: ‘ಫ್ಯಾನ್ 1,000 ಸುತ್ತಿನಲ್ಲಿ ಗುಂಯ್‌ಗುಡುತ್ತಿದ್ದರೆ…’. ‘ಸದ್ದು’, ‘ಶಬ್ದ’ ಎರಡೂ ಬೇಕಾಗಿಲ್ಲ, ಪುಸ್ತಕದುದ್ದಕ್ಕೂ ‘ಸದ್ದು’ ಇರಲಿ.

‘ನೂಕೊತ್ತಡ’ ಸಂಧಿಯಾಗಿ ಸರಿ. ಆದರೆ ಮೊದಲ ಸಲ ನೋಡುವವರು ಪದ ಬಿಡಿಸಲು ತಡವರಿಸುತ್ತಾರೆ. ‘ನೂಕುವ ಒತ್ತಡ’ ಎಂದು ಬಿಡಿಸಿಯೇ ಬರೆಯುವುದು ನನ್ನ ಸಲಹೆ. ಡಬ್ಬಿಯ ಮೇಲೆ ಹುಡುಗರಿಗೆ ಕಾಣುವುದು ‘ಸ್ಟ್ಯಾಟಿಕ್ ಪ್ರೆಶರ್’, ಆದ್ದರಿಂದ ಅದನ್ನೂ ಒಂದು ಸಲ ಹೇಳಿಬಿಡಿ. ‘ಅಲೆಗುಂಯ್’ ನನಗೆ ಬಹಳ ಹಿಡಿಸಿತು. ಅದನ್ನು ಬಿಡಬೇಡಿ.

ಮರುಪ್ರಶ್ನೆ (ಹಾಸನದಿಂದ)

ಸಾರ್, ಮೇಡಂ, ಇಬ್ಬರಿಗೂ ಧನ್ಯವಾದ. ‘ಶಬ್ದ ಬಂದರೆ ಬದಲಿಸಿ’ ಸಾಲುಗಳನ್ನೆಲ್ಲ ತೆಗೆಯುತ್ತಿದ್ದೇವೆ. ಉಳಿದಿರುವುದು ಬೇರಿಂಗ್‌ಗಳ ಹೆಸರು. ‘ಸ್ಲೀವ್’ಗೆ ‘ತೋಳು ಬೇರಿಂಗ್’ ಎಂದು ಯಾರೋ ಹಾಕಿದ್ದಾರೆ. ಮೂರು ಪಿನ್, ನಾಲ್ಕು ಪಿನ್ ಫ್ಯಾನ್‌ಗಳ ವ್ಯತ್ಯಾಸವನ್ನೂ ಒಂದೆರಡು ಸಾಲಿನಲ್ಲಿ ಹೇಗೆ ಹೇಳುವುದು?

ಉತ್ತರ (ಚಿಕ್ಕಮಗಳೂರಿನಿಂದ)

ತೋಳು ಬೇಡವೇ ಬೇಡ. ಟೇಬಲ್ ಫ್ಯಾನ್ ರಿಪೇರಿ ಮಾಡುವವರು ಅದನ್ನು ‘ಬುಷ್’ ಅನ್ನುತ್ತಾರೆ, ‘ಬುಷ್ ಸವೆದಿದೆ’ ಅಂದರೆ ಎಲ್ಲರಿಗೂ ಅರ್ಥವಾಗುತ್ತೆ. ‘ಬುಷ್ ಬೇರಿಂಗ್’ ಇರಲಿ. ಹೊಸದರಲ್ಲಿ ಸದ್ದು ಕಡಿಮೆ, ಬೆಲೆಯೂ ಕಡಿಮೆ. ಆದರೆ ಕ್ಯಾಬಿನೆಟ್ಟಿನ ಮೇಲ್ಭಾಗದಲ್ಲಿ ಮಲಗಿಸಿ ಹಾಕಿದರೆ ಎಣ್ಣೆ ಬೇಗ ಆರಿ ಕಿರುಗುಟ್ಟಲು ಶುರುವಾಗುತ್ತೆ. ‘ಫ್ಲೂಯಿಡ್ ಡೈನಮಿಕ್’ಗೆ ‘ಎಣ್ಣೆಪದರದ ಬೇರಿಂಗ್’ ಸಾಕು: ಅದರ ತೋಡುಗಳು ಎಣ್ಣೆಯನ್ನು ಒಳಗೇ ಸುತ್ತಿಸುತ್ತವೆ, ರೆಕ್ಕೆ ತಿರುಗಿಸುವ ನಡುವಿನ ಕಂಬಿ ಲೋಹಕ್ಕೆ ತಾಗದೆ ತೇಲುತ್ತೆ. ಕಡಿಮೆ ಸದ್ದು, ದೀರ್ಘ ಬಾಳಿಕೆ ಎರಡೂ ಬೇಕಿದ್ದರೆ ಇದೇ. ‘ಬಾಲ್ ಬೇರಿಂಗ್’ ಹಾಗೇ ಇರಲಿ; ಬಿಸಿ ತಡೆಯುತ್ತೆ, ಹೇಗೆ ಮಲಗಿಸಿದರೂ ಬಾಳುತ್ತೆ, ಆದರೆ ನಿಧಾನ ವೇಗದಲ್ಲಿ ಅದರ ಗರಗರ ಕೇಳಿಸುತ್ತೆ.

ಪಿನ್‌ಗಳ ವಿಷಯ: ಮೂರು ಪಿನ್ ಫ್ಯಾನಿನ ವೇಗ ವೋಲ್ಟೇಜ್ ಇಳಿಸಿದರೆ ಇಳಿಯುತ್ತೆ. ನಾಲ್ಕು ಪಿನ್ನಿನದಕ್ಕೆ 12 ವೋಲ್ಟ್ ಸದಾ ಇರುತ್ತೆ, ನಾಲ್ಕನೆಯ ತಂತಿ ಸುಮಾರು 25 ಕಿಲೋಹರ್ಟ್ಸ್‌ನಲ್ಲಿ ಬಿಟ್ಟುಬಿಟ್ಟು ಸೂಚನೆ ಕೊಡುತ್ತೆ. ಇದನ್ನು ‘ಮಿಡಿತದ ನಿಯಂತ್ರಣ’ ಎಂದು ಒಮ್ಮೆ ವಿವರಿಸಿ, ನಂತರ ಪಿಡಬ್ಲ್ಯುಎಂ ಎಂದೇ ಬರೆಯಿರಿ, ಬಯೋಸ್‌ನಲ್ಲಿ ಕಾಣುವುದು ಅದೇ. ಮುಖ್ಯ ಎಚ್ಚರಿಕೆ: ಮೂರು ಪಿನ್ ಫ್ಯಾನ್ ಹಾಕಿರುವ ಹೆಡರ್ (ಮದರ್‌ಬೋರ್ಡಿನಲ್ಲಿ ಫ್ಯಾನ್ ಚುಚ್ಚುವ ಜಾಗ) ಪಿಡಬ್ಲ್ಯುಎಂ ಮೋಡ್‌ನಲ್ಲಿದ್ದರೆ ಅದು ಯಾವಾಗಲೂ ಪೂರ್ತಿ ವೇಗದಲ್ಲಿ ಓಡುತ್ತೆ. ಮೋಡ್ ಅನ್ನು ಡಿಸಿಗೆ (ವೋಲ್ಟೇಜ್ ಇಳಿಸುವ ಬಗೆಗೆ) ಬದಲಿಸಿದರೆ ಆಯಿತು. ಹೊಸ ಫ್ಯಾನ್ ಸದ್ದು ಮಾಡುತ್ತೆ ಎಂದು ಅಂಗಡಿಗೆ ವಾಪಸ್ ಬರುವವುಗಳಲ್ಲಿ ಇಂಥವು ಬಹಳ. ಸ್ಪ್ಲಿಟರ್ (ಒಂದು ಹೆಡರ್‌ಗೆ ಹಲವು ಫ್ಯಾನ್ ಜೋಡಿಸುವ ಕವಲು ವೈರ್) ಹಾಕುವುದಾದರೆ ಒಂದು ಹೆಡರ್ ಸಾಮಾನ್ಯವಾಗಿ 1 ಆಂಪಿಯರ್ ಮಾತ್ರ ಕೊಡುತ್ತೆ, ಫ್ಯಾನ್‌ಗಳ ಮೇಲೆ ಬರೆದ ಆಂಪಿಯರ್ ಕೂಡಿಸಿ ನೋಡಿ. ಸುತ್ತಿನ ಲೆಕ್ಕ ತಿಳಿಸುವ ತಂತಿ ಅವುಗಳಲ್ಲಿ ಒಂದು ಫ್ಯಾನಿನದು ಮಾತ್ರ ಜೋಡಿಸಿರಬೇಕು.

ಕರ್ವ್ ಹಾಕುವಾಗ ಕ್ಯಾಬಿನೆಟ್ ಫ್ಯಾನ್‌ಗಳನ್ನು ಪ್ರೊಸೆಸರ್ ಬಿಸಿಗೆ ಕಟ್ಟಬೇಡಿ ಎಂದೂ ಸೇರಿಸಿ. ಪ್ರೊಸೆಸರ್ ಬಿಸಿ ಕ್ಷಣಕ್ಕೊಮ್ಮೆ 20 ಡಿಗ್ರಿ ಹಾರುತ್ತೆ, ಅದರ ಹಿಂದೆ ಫ್ಯಾನೂ ಸುಯ್ಯೆಂದು ಏರಿ ಇಳಿಯುತ್ತಿರುತ್ತೆ. ಒಂದೇ ಸಮನೆ ಇರುವ ಸದ್ದನ್ನು ಕಿವಿ ಮರೆಯುತ್ತೆ, ಏರಿಳಿಯುವುದನ್ನು ಮರೆಯುವುದಿಲ್ಲ. ಮದರ್‌ಬೋರ್ಡಿನ ಬಿಸಿಗೆ ಕಟ್ಟಬಹುದು, ಅಥವಾ ವಿಂಡೋಸ್‌ನ ಫ್ಯಾನ್ ಕಂಟ್ರೋಲ್ ತಂತ್ರಾಂಶದಲ್ಲಿ ಗ್ರಾಫಿಕ್ಸ್ ಕಾರ್ಡಿನ ಬಿಸಿಗೆ ಕಟ್ಟಬಹುದು. 55 ಡಿಗ್ರಿಯವರೆಗೆ ಒಂದೇ ವೇಗ, ಅಲ್ಲಿಂದ 75ರವರೆಗೆ ನಿಧಾನ ಏರಿಕೆ.

ಫಿಲ್ಟರ್ ಬಗ್ಗೆ ಕರಡಿನಲ್ಲಿ ಏನಾದರೂ ಇದೆಯೇ? ಮಳೆಗಾಲದಲ್ಲಿ ಧೂಳು ತೇವಕ್ಕೆ ಅಂಟಿ ಜಾಲರಿ ಬೇಗ ಕಟ್ಟಿಕೊಳ್ಳುತ್ತೆ, ದೀಪಕ್ಕೆ ಬಂದ ಹುಳುಗಳೂ ಅಲ್ಲೇ ಸೇರುತ್ತವೆ. ಆಗ ಗಾಳಿ ಇಳಿದು, ಬಿಸಿ ಏರಿ, ಫ್ಯಾನ್ ವೇಗ ಹೆಚ್ಚಾಗಿ ಸುಯ್ಯೆನ್ನುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ಫಿಲ್ಟರ್ ಬಿಚ್ಚಿ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆಯೇ ಹಾಕಬೇಕು. ಬ್ಲೋವರ್‌ನಿಂದ ಫ್ಯಾನ್ ಊದುವಾಗ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಬಿಟ್ಟರೆ ಅದು ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತೆ, ಕಿರುಗುಟ್ಟುವುದು ಅಲ್ಲಿಂದಲೇ ಶುರು.