ಒಬ್ಬನೇ ಲೀಡರ್ ಆಗದಂತೆ ಗುಂಪು ಕಟ್ಟೋದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ: ನಮ್ಮದು ಎಚ್.ಡಿ. ಕೋಟೆ ಕಡೆ. ಒಂದು ದಲಿತ ಕೇರಿ, ಪಕ್ಕದಲ್ಲೇ ಜೇನುಕುರುಬ ಆದಿವಾಸಿಗಳ ಹಾಡಿ. ಅಲ್ಲಿನ ಹುಡುಗ ಹುಡುಗಿಯರು ಸೇರಿ ಗುಂಪು ಮಾಡಿಕೊಂಡಿದ್ದೇವೆ. ಆದರೆ ಸಭೆಯಲ್ಲಿ ಮಾತಾಡುವವನು ಒಬ್ಬನೇ. ಅವನು ಮೈಸೂರಿಗೆ ಹೋದರೆ ಗುಂಪೂ ಮಲಗುತ್ತದೆ. ಏನು ಮಾಡೋದು?

ಚಾಮರಾಜನಗರದಿಂದ:
ಕೈಗೆ ಒಂದು ಕೆಲಸ ಕೊಡಿ. ಸುಮ್ನೆ ನಾಯಕತ್ವ ತರಬೇತಿ ಅಂತ ಕರೆದರೆ ಊಟದವರೆಗೆ ಇರುತ್ತಾರೆ, ಅಷ್ಟೇ. ಅರಣ್ಯ ಹಕ್ಕು ಕಾಯ್ದೆಯ ಸಮುದಾಯ ಅರ್ಜಿ, ಅಂದ್ರೆ ಕಾಡಿನ ಬಳಕೆಗೆ ಇಡೀ ಊರಿನ ಪರವಾಗಿ ಹಕ್ಕು ಕೇಳೋದು, ಒಳ್ಳೆ ಕೆಲಸ, ಯಾಕಂದ್ರೆ ಅದು ಒಬ್ಬನಿಂದ ಆಗುವುದಲ್ಲ. ಹಿರಿಯರ ಹೇಳಿಕೆ ಬೇಕು, ನಕ್ಷೆ ಬೇಕು, ಗ್ರಾಮಸಭೆ ತೀರ್ಮಾನ ಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಆದಿವಾಸಿಗಳನ್ನೇ ನೋಡಿ. ಕಾಡಿನ ದಾರಿ ಹಿರಿಯರಿಗೆ ಗೊತ್ತು, ಜಿಪಿಎಸ್ ಹಿಡಿಯೋದು ಹುಡುಗರಿಗೆ ಗೊತ್ತು. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಅನ್ನೋ ತಮ್ಮ ಪವಿತ್ರ ತಾಣಗಳು ಎಲ್ಲೆಲ್ಲಿವೆ ಅಂತ ಜೊತೆಗೇ ನಡೆದು ಗುರುತು ಹಾಕಿದರು. 2011ರಲ್ಲಿ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಹಾಗೆ ಸಿಕ್ಕಿದ್ದು ದೇಶದಲ್ಲೇ ಮೊದಲು. ಸಭೆಯಲ್ಲಿ ಬಾಯಿ ಬಿಡದ ಹುಡುಗ ಕಾಡಿಗೆ ಹೋದರೆ ಎಲ್ಲರಿಗಿಂತ ಮುಂದೆ ನಡೆಯುತ್ತಾನೆ.

ಈ ಅರ್ಜಿಗಳನ್ನು ನೋಡಿಕೊಳ್ಳಲು ಗ್ರಾಮಸಭೆ ಆರಿಸುವ ಅರಣ್ಯ ಹಕ್ಕು ಸಮಿತಿಯಲ್ಲಿ 10ರಿಂದ 15 ಜನ ಇರಬೇಕು, ಮೂರನೇ ಒಂದು ಭಾಗವಾದರೂ ಹೆಂಗಸರಿರಬೇಕು ಅಂತ ನಿಯಮವೇ ಇದೆ. 18 ತುಂಬಿದ ಹುಡುಗಿಯರನ್ನು ಅಲ್ಲಿ ಕೂರಿಸಿ. ಬರೀ ರಂಗೋಲಿಗೆ ಕರೆಯಬೇಡಿ.

ನಂಜನಗೂಡು ಕಡೆಯ ಬಿ.ಎಡ್. ವಿದ್ಯಾರ್ಥಿನಿ:
ಬೇಜಾರಾದರೂ ಹೇಳಿಬಿಡ್ತೀನಿ. ಕೇರಿಯ ನಮಗೆ ಓದು ಸ್ವಲ್ಪ ಜಾಸ್ತಿ, ಹಾಗಾಗಿ ಹಾಡಿಯವರ ಮಾತನ್ನೂ ನಾವೇ ಆಡಿಬಿಡುತ್ತೇವೆ. ನಮ್ಮ ಗುಂಪಿನಲ್ಲಿ ಒಂದು ಕಟ್ಟುಪಾಡು ಇದೆ: ಹೋದ ಸಲ ಮಾತಾಡಿದವರು ಈ ಸಲ ನಡಾವಳಿ ಬರೆಯಬೇಕು, ಬಾಯಿ ತೆರೆಯುವಂತಿಲ್ಲ. ಮೊದಲ ನಡಾವಳಿ ಇಷ್ಟೇ ಇತ್ತು: 'ಸಭೆ ಸೇರಿತು. ನೀರಿನ ವಿಷಯ ಬಂತು. ಟೀ ಕುಡಿದೆವು.' ನಕ್ಕೆವು. ಈಗ ಅದೇ ಪುಸ್ತಕವನ್ನು ಪಂಚಾಯಿತಿ ಅಧಿಕಾರಿ (ಪಿಡಿಒ) ಮುಂದೆ ಇಡುತ್ತೇವೆ. ಬರೆಯಲು ಬಾರದವರು ಹೇಳುತ್ತಾರೆ, ಪಕ್ಕದವರು ಬರೆದು ಓದಿ ಹೇಳುತ್ತಾರೆ.

ಸಂಜೆ ಏಳಕ್ಕೆ ಸಭೆ ಇಟ್ಟರೆ ಹುಡುಗಿಯರು ಬರಲ್ಲ. ಭಾನುವಾರ ಬೆಳಗ್ಗೆ ಅಂಗನವಾಡಿ ಹತ್ತಿರ ಇಡಿ. ಹಾಡಿಯವರು ಕೊಡಗಿಗೆ ಕಾಫಿ ಕೊಯ್ಲಿಗೆ ಹೋದ ಸಮಯದಲ್ಲಿ ದೊಡ್ಡ ತೀರ್ಮಾನ ಬೇಡವೇ ಬೇಡ. ವಾಪಸ್ ಬಂದವರು 'ನಮ್ಮನ್ನು ಕೇಳಿದ್ರಾ' ಅಂದರೆ ಉತ್ತರ ಇರಲ್ಲ ಅಲ್ವಾ?

ಶಿವಮೊಗ್ಗದ ಹಳೆ ಕಾರ್ಯಕರ್ತ:
ಆ ಮಾತುಗಾರ ಹುಡುಗನನ್ನು ದೂರಬೇಡಿ. ಅವನನ್ನು ಒಂಟಿ ಲೀಡರ್ ಮಾಡೋದು ಹೊರಗಿನವರು. ಪಕ್ಷದವರು ಫೋನ್ ಮಾಡೋದು ಅವನಿಗೇ, ಚುನಾವಣೆ ಹತ್ತಿರ ಬಂದರೆ ಕ್ರಿಕೆಟ್ ಕಿಟ್ ಕೊಡೋದೂ ಅವನ ಕೈಗೇ. ದಲಿತ ಸಂಘರ್ಷ ಸಮಿತಿ 70ರ ದಶಕದಲ್ಲಿ ಎಂಥ ಹುರುಪಿನಿಂದ ಬೆಳೆಯಿತು, ಆಮೇಲೆ ಎಷ್ಟು ಬಣವಾಯಿತು ಅಂತ ನಮ್ಮ ತಲೆಮಾರು ಕಣ್ಣಾರೆ ನೋಡಿದೆ. ಅದಕ್ಕೇ ಹೇಳೋದು, ಯಾವ ಕಚೇರಿಗೂ ಒಬ್ಬರೇ ಹೋಗಬೇಡಿ. ಮೂವರು ಹೋಗಿ, ಅದರಲ್ಲಿ ಒಬ್ಬರಾದರೂ ಮೊದಲ ಸಲ ಮೆಟ್ಟಿಲು ಹತ್ತುವವರಿರಲಿ.

ಮೊದಲ ಕೆಲಸ ಯಾವುದು ಅಂದರೆ, ಪರಿಶಿಷ್ಟರಿಗಾಗಿ ಇಟ್ಟ ಹಣದಲ್ಲಿ ನಿಮ್ಮ ಪಂಚಾಯಿತಿ ಯಾವ ಕಾಮಗಾರಿ ಮಾಡಿದೆ ಅಂತ ಕೇಳಿ. ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. ಅರ್ಜಿ ಮಾತ್ರ ಆ ಹುಡುಗನ ಹೆಸರಲ್ಲಿ ಬೇಡ, ಹಾಡಿಯ ಹುಡುಗಿಯೊಬ್ಬಳು ಸಹಿ ಹಾಕಲಿ.