ಎಡಕ್ಕೆ ಎಳೆಯುವ ರಿಮೋಟ್ ಕಾರಿನ ಬಗ್ಗೆ

ತಮ್ಮಾ, ಕಲಬುರಗಿಯ ಅಪ್ಪನ ಕೆರೆಯ ಬದಿಯ ರಸ್ತೆಯಲ್ಲಿ ನಿನ್ನ ರಿಮೋಟ್ ಕಾರು ಓಡಿಸಿದ ವಿಡಿಯೋವನ್ನು ಮೂರು ಸಲ ನೋಡಿದೆ. ಸ್ಟೀರಿಂಗಿನ ನಡುವನ್ನು ತುಸು ಸರಿಸುವ ರಿಮೋಟಿನ ಟ್ರಿಮ್ ಗುಂಡಿಯನ್ನು ಪೂರ್ತಿ ಬಲಕ್ಕೆ ತಿರುಗಿಸಿದರೂ ಕಾರು ಎಡಕ್ಕೇ ಎಳೆಯುತ್ತಿದೆ ಎಂದು ಬರೆದಿದ್ದೀಯ, ನಿಮ್ಮ ಕಾಕಾ ಹೊಸ ಸರ್ವೋ (ಮುಂದಿನ ಚಕ್ರಗಳನ್ನು ತಿರುಗಿಸುವ ಚಿಕ್ಕ ಮೋಟಾರು) ತರಿಸೋಣ ಎಂದಿದ್ದಾರೆ. ದಯವಿಟ್ಟು ಈಗಲೇ ದುಡ್ಡು ಹಾಕಬೇಡಿ.

ಟ್ರಿಮ್ ಇರುವುದು ಕೊನೆಗೆ ಉಳಿಯುವ ಕೂದಲೆಳೆಯಷ್ಟು ವ್ಯತ್ಯಾಸವನ್ನು ತಿದ್ದಲು ಮಾತ್ರ. ಅದನ್ನು ತುದಿಯವರೆಗೆ ತಿರುಗಿಸಿದರೆ ಎಡ ಮತ್ತು ಬಲದ ತಿರುವುಗಳು ಒಂದೇ ಅಳತೆಯಲ್ಲಿ ಉಳಿಯುವುದಿಲ್ಲ. ವಿಡಿಯೋದಲ್ಲಿ ಬಲಕ್ಕೆ ಸುತ್ತುವಾಗ ಕಾರು ಹೆಚ್ಚು ಜಾಗ ತೆಗೆದುಕೊಂಡದ್ದು ಇದರಿಂದಲೇ ಇರಬೇಕು. ಆದ್ದರಿಂದ ಮೊದಲು ಟ್ರಿಮ್ಮನ್ನು ಸೊನ್ನೆಗೆ ತಂದು, ರಿಮೋಟನ್ನೂ ಅದರ ನಂತರ ಕಾರನ್ನೂ ಆನ್ ಮಾಡು. ಸರ್ವೋ ತಾನಾಗಿ ನಡುವಿಗೆ ಬಂದು ನಿಂತಾಗ ಹಾರ್ನಿನ, ಎಂದರೆ ಸರ್ವೋದ ಹಲ್ಲುಳ್ಳ ಅಕ್ಷದ ಮೇಲೆ ಕೂರುವ ಚಿಕ್ಕ ತೋಳಿನ, ಸ್ಕ್ರೂ ಬಿಚ್ಚಿ, ಹಾರ್ನನ್ನು ಮೇಲೆತ್ತಿ, ನೆಟ್ಟಗೆ ಕೂರಿಸು. 25 ಹಲ್ಲಿನ ಸರ್ವೋದಲ್ಲಿ ಒಂದೇ ಹಲ್ಲು ತಪ್ಪಿದರೂ ಹಾರ್ನ್ 14.4 ಡಿಗ್ರಿ ವಾಲುತ್ತದೆ. ನೀನು ಕಳಿಸಿದ ಫೋಟೋದಲ್ಲಿ ಅದು ವಾಲಿರುವುದು ನನಗೆ ಸ್ಪಷ್ಟವಾಗಿ ಕಾಣುತ್ತಿದೆ.

ಇನ್ನು ಚಕ್ರಗಳು. ನಮ್ಮ ಮನೆಗಳ ಶಹಾಬಾದ್ ಕಲ್ಲಿನ ನೆಲ ಸಮವಾಗಿ ಕಂಡರೂ ಕಲ್ಲಿನಿಂದ ಕಲ್ಲಿಗೆ ಸ್ವಲ್ಪ ಏರುತಗ್ಗು ಇರುವುದರಿಂದ, ಅವ್ವನನ್ನು ಕೇಳಿ ಊಟದ ಟೇಬಲ್ಲಿನ ಗಾಜಿನ ಮೇಲೆ ಕಾರು ಇಡು. ಬ್ಯಾಟರಿ ಒಳಗೇ ಇರಲಿ. ಕಾರನ್ನು ಎರಡು ಸಲ ಮೆಲ್ಲಗೆ ಅದುಮಿ, ಒಂದು ಗೇಣು ಮುಂದಕ್ಕೆ ಉರುಳಿಸಿದರೆ ಸಸ್ಪೆನ್ಷನ್ ತನ್ನ ಸಹಜ ಎತ್ತರಕ್ಕೆ ಬರುತ್ತದೆ. ಮುಂದಿನ ಎರಡು ಟೈರುಗಳ ಮುಂಬದಿಯ ಅಂಚುಗಳ ನಡುವಿನ ಅಂತರವನ್ನೂ ಹಿಂಬದಿಯ ಅಂಚುಗಳ ನಡುವಿನ ಅಂತರವನ್ನೂ ಸ್ಕೇಲಿನಿಂದ ಅಳೆ. ಮುಂಬದಿ ಕಡಿಮೆಯಿದ್ದರೆ ಅದು ಟೋ ಇನ್, ಹೆಚ್ಚಿದ್ದರೆ ಟೋ ಔಟ್. 65 ಮಿಲಿಮೀಟರ್ ವ್ಯಾಸದ ಟೈರಿನಲ್ಲಿ ಒಂದು ಚಕ್ರ ಒಂದು ಡಿಗ್ರಿ ತಿರುಗಿದ್ದರೆ ಅದರಿಂದ ಈ ಎರಡು ಅಂತರಗಳಿಗೆ ಬರುವ ವ್ಯತ್ಯಾಸ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ನಿನಗೆ ನೇರ ಓಟ ಬೇಕಾಗಿರುವುದರಿಂದ ಮುಂದಿನ ಚಕ್ರಗಳನ್ನು ಸದ್ಯಕ್ಕೆ ಸೊನ್ನೆಯಲ್ಲೇ, ಎಂದರೆ ಎರಡೂ ಅಂತರ ಸಮವಾಗಿರುವಂತೆ, ಇಡು.

ತಿದ್ದುವುದು ಟರ್ನ್‌ಬಕಲ್‌ನಿಂದ, ಎಂದರೆ ಚಕ್ರವನ್ನು ಸ್ಟೀರಿಂಗಿಗೆ ಜೋಡಿಸುವ ಸಣ್ಣ ಸರಳಿನಿಂದ. ಅದರ ಒಂದು ತುದಿಯ ಮರೆ (ಸ್ಕ್ರೂವಿನ ಸುರುಳಿ ಗೆರೆ) ಬಲಕ್ಕೆ, ಇನ್ನೊಂದರದು ಎಡಕ್ಕೆ ಇರುವುದರಿಂದ ಅದನ್ನು ಕಳಚದೆಯೇ ಸಣ್ಣ ಪಾನಾದಿಂದ ತಿರುಗಿಸಬಹುದು. 3 ಮಿಲಿಮೀಟರಿನ ಸಾಮಾನ್ಯ ಮರೆಯಲ್ಲಿ ಪೂರ್ತಿ ಒಂದು ಸುತ್ತು ಸರಳನ್ನು ಒಂದು ಮಿಲಿಮೀಟರ್ ಉದ್ದ ಇಲ್ಲವೆ ಗಿಡ್ಡ ಮಾಡುತ್ತದೆ. ಹಾಗಾಗಿ ಕಾಲು ಸುತ್ತು ತಿರುಗಿಸು, ಅಳೆ, ಮತ್ತೆ ತಿರುಗಿಸು. ಎರಡೂ ಕಡೆಯ ಸರಳುಗಳು ಸಮ ಉದ್ದಕ್ಕೆ ಬರಬೇಕು. ಟೈರಿನ ಒಳ ಅಂಚು ಮಾತ್ರ ಸವೆಯುತ್ತಿದ್ದರೆ ಕ್ಯಾಂಬರನ್ನೂ (ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ನೋಡಬೇಕಾಗುತ್ತದೆ, ಆದರೆ ಅದು ಆಮೇಲಿನ ಕೆಲಸ.

ಪರೀಕ್ಷಿಸುವಾಗ ಅದೇ ರಸ್ತೆಯಲ್ಲಿ ಹೋಗುತ್ತಾ ಒಮ್ಮೆ, ಅದೇ ಜಾಡಿನಲ್ಲಿ ಬರುತ್ತಾ ಒಮ್ಮೆ, ಸ್ಟೀರಿಂಗ್ ಮುಟ್ಟದೆ ಓಡಿಸು. ಹೋಗುವಾಗ ಎಡಕ್ಕೂ ಬರುವಾಗ ಬಲಕ್ಕೂ ಎಳೆದರೆ ಅದು ನೀರು ಹರಿಯಲೆಂದು ರಸ್ತೆಗೆ ಕೊಟ್ಟ ಇಳಿಜಾರು, ಕಾರಿನ ತಪ್ಪಲ್ಲ. ಎರಡೂ ಸಲ ಎಡಕ್ಕೇ ಎಳೆದರೆ ಮಾತ್ರ ಟ್ರಿಮ್ ಮುಟ್ಟು, ಅದೂ ಒಂದೆರಡು ಗೆರೆಯಷ್ಟು, ಮತ್ತು ಆ ವಿಡಿಯೋವನ್ನು ನನಗೆ ಕಳಿಸು.